ಜಪಾನಿನವನಿಗೆ ಅಕ್ಕ ಇಲ್ವಾ

ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಹಳದೀಪುರದ ಬಸ್ಸಿಗೆ ಕಾಯುತ್ತಿದ್ದ ಹನುಮಕ್ಕನ ಕಿವಿಗೆ, ಬೆನ್ನ ಹಿಂದೆ ಕೂತಿದ್ದ ಅಕ್ಕ-ತಮ್ಮನ ಮಾತು ಬಿತ್ತು. ತಮ್ಮ ಈರ ಹಡಗಿನ ಕೆಲಸದವನು, ಬೊಂಬಾಯಿಗೆ ಹೊರಟಿದ್ದ.

“ಜರ್ಮನಿಲಿ ಒಬ್ಬ ಜಪಾನಿನವ ಫುಟ್‌ಬಾಲ್ ಆಡೂಕೆ ಇಳಿದ್ರೆ ಇಡೀ ಊರೇ ಕೂಗ್ತದೆ ಅಕ್ಕಾ. ರಸ್ತೆಲಿ ಕಂಡ್ರೆ ಜನ ಮುತ್ಕಂತ್ರು.”

“ಅವನ ಊರಲ್ಲಿ?”

“ಜಪಾನಿಗೆ ಹೋದಾಗ ಕೇಳಿದೆ. ಅವ ರಜೆಲಿ ಊರಿಗೆ ಬತ್ತ, ಸುಮಾರು ಜನಕ್ಕೆ ಹೆಸರೇ ಗೊತ್ತಿಲ್ಲ. ಅಲ್ಲಿ ಬೇರೆ ಆಟದ ಹುಚ್ಚು.”

ಯಾರಪ್ಪ ಇವನು, ಇವರ ನೆಂಟನೇ? ಹನುಮಕ್ಕನಿಗೆ ತಲೆಬುಡ ತಿಳಿಯಲಿಲ್ಲ.

“ಹಂಗಾರೆ ಊರಿಗೆ ಎಂತಕ್ಕೆ ಬತ್ತ ಅವ?”

“ನಾ ಎಂತಕ್ಕೆ ಬತ್ತೆ? ಹಡಗಲ್ಲಿ ಎಲ್ಲದಕ್ಕೂ ಈರ ಬೇಕು. ಇಲ್ಲಿ ತಿಂಗಳಿದ್ದೆ, ನಮ್ಮೂರು ಕಾಸರಕೋಡಲ್ಲಿ ‘ಬಂದ್ಯಾ’ ಅಂದವ್ರಿಲ್ಲ.”

ಅಕ್ಕ ಅವನತ್ತ ತಿರುಗಿದಳು.

“ಆ ಜಪಾನಿನವನಿಗೆ ಅಕ್ಕ ಇಲ್ವಾ ಈರಾ?”

ಅಷ್ಟರಲ್ಲಿ ಬೊಂಬಾಯಿ ಬಸ್ಸು ಬಂತು. ಟ್ರಂಕು ಹೊತ್ತು ಹತ್ತಿದವನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

“ಕೇಳ್ಕಂಡು ಬತ್ತೆ ಅಕ್ಕಾ!”

ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡು ಹೊರಟುಹೋದಳು. ಆ ಜಪಾನಿನವನು ಯಾರ ಪೈಕಿ ಎಂದು ಕೇಳಬೇಕೆಂದಿದ್ದ ಹನುಮಕ್ಕನ ಮಾತು ಬಾಯಲ್ಲೇ ಉಳಿಯಿತು.