ಹರಕೆ ಗಂಟೆಗೆ ಮರಳು

ಕೋಲಾರದ ಬಸ್ ನಿಲ್ದಾಣದಲ್ಲಿ ಸುಗಟೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬಾತ ಮೂಟೆಯ ಮೇಲೆ ಕೈಯಿಟ್ಟು ಕೂತಿದ್ದ. ಅವನ ಊರಿನವರೇ ಇರಬೇಕು, ವಯಸ್ಸಾದ ಹೆಂಗಸೊಬ್ಬರು ಬಂದು ಮಾತಿಗೆಳೆದರು.

“ಮೂಟೇಲಿ ಏನ್ಲಾ ಚೌಡಪ್ಪ?”

“ಮರಳು ಅತ್ತೆ, ಟೇಕಲ್ ಕಡೆ ಹಳ್ಳದ್ದು. ಮನೇಲಿ ಗಂಟೆ ಎರಕ ಹೊಯ್ಯೋಕೆ ಇದರಲ್ಲೇ ಅಚ್ಚು ಮಾಡ್ಬೇಕು. ಹೋದ ಸಲ ತಂದ ಮರಳಿಗೆ ಮಾಲೂರಿನ ಹೆಂಚಿನ ಮಣ್ಣು ಕಲಸಿದ್ದೆ. ಹಿತ್ತಾಳೆ ಹೊಯ್ಯುತ್ತಲೇ ಅಚ್ಚು ಕುಸಿದುಹೋಯ್ತು.”

“ಮಣ್ಣು ಜಾಸ್ತಿ ಹಾಕು.”

“ಹಾಕಿದೆ. ಆವಿ ಹೊರಗೆ ಹೋಗದೆ ಗಂಟೆ ಮೈಯೆಲ್ಲಾ ತೂತು.”

“ನಿಮ್ಮಪ್ಪ ನಮ್ಮ ಕೆರೆ ಮರಳಲ್ಲೇ ಹೊಯ್ತಿದ್ದ. ನೀರು ಬಿಟ್ಟು ಬೇರೇನೂ ಬೆರೆಸ್ತಿರಲಿಲ್ಲ.”

“ಆ ಮರಳು ಈಗ ಆಳುದ್ದ ನೀರಿನ ಕೆಳಗಿದೆಯಲ್ಲ. ಕೆರೆ ತುಂಬಿ ನಿಂತಿದೆ.”

“ಕೆರೆ ತುಂಬಿದ್ದಕ್ಕೆ ಬೇಜಾರು ಮಾಡ್ಕೊತಾರೇನೋ? ಬಿಡ್ತು ಅನ್ನು. ಊರೆಲ್ಲಾ ಬಾಗಿನ ಬಿಟ್ಟಿದ್ದೀವಿ.”

“ನಾನೂ ಬಿಟ್ಟೆ.”

“ಅಂಗಡೀಲಿ ಒಂದು ಗಂಟೆ ಕೊಂಡು ಗುಡಿಗೆ ಕೊಟ್ಬಿಡು. ನೀನೇ ಹೊಯ್ದುಕೊಡು ಅಂತ ಯಾರು ಕೇಳಿದ್ದು?”

“ಯಾರೂ ಕೇಳಿಲ್ಲ ಅತ್ತೆ. ಕೆರೆ ತುಂಬಿದ್ರೆ ನನ್ನ ಕೈಯಾರೆ ಗಂಟೆ ಹೊಯ್ದು ಕಟ್ತೀನಿ ಅಂತ ಗಂಗಮ್ಮನಿಗೆ ಹರಕೆ ಹೊತ್ತೋನು ನಾನೇ.”

ಬಸ್ಸು ಬಂತು. ಆಕೆ ಮೂಟೆಯ ಒಂದು ತುದಿ ಹಿಡಿದುಕೊಂಡರು.