ಸುಟ್ಟ ತೋಳಿನ ಅಂಗಿ

…ಇಲ್ಲ ಕಣವ್ವ ಮಂಗಳಾ, ನಾನು ಹೇಳ್ತಿರೋದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಮೀಸೆಯಾಣೆ! ಸರಿ, ಅರ್ಧ ಸುಟ್ಟುಹೋಗಿದೆ, ಒಪ್ಕೊಂಡೆ. ಉಳಿದರ್ಧದ ಆಣೆ! ನಿನ್ನ ಸೋದರಮಾವ ಈ ನೀಲಕಂಠಸ್ವಾಮಿ ಎಂದಾದರೂ ಸುಳ್ಳು ಹೇಳಿದ್ದುಂಟಾ? ಯಾಕಂಗೆ ನೋಡ್ತೀಯ? ನಿನ್ನ ಗಂಡ ಬದುಕಿದ್ದಾನೆ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾನೆ. ಗಂಜಿ ಕುಡಿದ, ನನ್ನನ್ನ ಬೈದ. ಬಲಗೈ ಒಂದು… ಮಣಿಕಟ್ಟಿನಿಂದಾಚೆಗೆ ಇಲ್ಲ. ಅದನ್ನ ಆಗಲೇ ಹೇಳಿದೆನಲ್ಲ. ಹೇಳಿದೆ ತಾನೆ? ಕಿವಿ ಇನ್ನೂ ಗುಂಯ್ ಅಂತಿದೆ ಕಣವ್ವ, ನಾನಾಡಿದ್ದೇ ನನಗೆ ಕೇಳಿಸ್ತಿಲ್ಲ. ನೀನೇನಾದರೂ ಅಂದೆಯಾ? ಇಲ್ಲ? ಸರಿ.

ಹೆಂಗಾಯ್ತು ಅಂತ ತಾನೆ ನಿನಗೆ ಬೇಕಿರೋದು? ಅದನ್ನ ಹೇಳೋಕೇ ಬಂದಿದೀನಿ. ಹಂಪಾಪುರದಾಚೆ, ನಮ್ಮ ಹೊಲದ ಬದು. ಬಂತು ನೋಡು ಹುಲಿ! ಎಂಥ ಹುಲಿ ಅಂತೀಯ… ಮೂತಿ ಹಂಪಾಪುರದಲ್ಲಿ, ಬಾಲ ಕೋಟೆಯ ತಾಲ್ಲೂಕು ಕಚೇರಿ ಮುಂದೆ! ಅಮಲ್ದಾರರು ಪಂಚೆ ಎತ್ತಿಕೊಂಡು ಬಾಲ ದಾಟಿ ಒಳಗೆ ಹೋಗಬೇಕಾಯ್ತಂತೆ… ನಗು ಬರಲಿಲ್ವಾ? ಚಿಕ್ಕೋಳಿದ್ದಾಗ ಇಂಥದ್ದಕ್ಕೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ಬುಡು.

ನಿನ್ನ ಗಂಡ ಮಹದೇವಪ್ಪ ಸೊಂಟದಿಂದ ತೆಗೆದ ಆ ಪಿಸ್ತೂಲು. ಅದೇ, ಕುಟ್ಟದ ಕಾಫಿ ತೋಟದ ದೊರೆ ತನ್ನೂರಿಗೆ ಹೊರಡುವಾಗ, ರೈಟರಾಗಿದ್ದ ಇವನಿಗೆ ಉಡುಗೊರೆ ಕೊಟ್ಟು ಹೋದನಲ್ಲ, ಅದು. ಅಮೆರಿಕಾದಲ್ಲಿ ಕುದುರೆ ಮೇಲೆ ಕೂತು ದನ ಕಾಯೋರು ಸಿಗಿಸ್ಕೊತಿದ್ರಂತೆ. ಅವರ ತಾತಂದಿರ ಕಾಲದ್ದು! ಈಗಿನ ಹಾಗೆ ತೋಟಾ ತುರುಕಿ ಢಂ ಅನ್ನಿಸೋ ಹಂಗಿಲ್ಲ. ಉರುಳೆಯಲ್ಲಿ ಆರು ಗೂಡು. ಒಂದೊಂದಕ್ಕೂ ಕರಿ ಮದ್ದು ಸುರೀಬೇಕು, ಮೇಲೆ ಸೀಸದ ಗುಂಡಿಟ್ಟು ಜಡೀಬೇಕು, ಹಿಂದುಗಡೆ ಕಿಡಿ ಹಾರಿಸೋ ಕೇಪು ಸಿಗಿಸಬೇಕು. ಅಷ್ಟು ಹೊತ್ತಿಗೆ ದನದ ಕಳ್ಳ ಮನೆಗೆ ಹೋಗಿ ಊಟ ಮುಗಿಸಿ ಎಲೆಅಡಿಕೆ ಹಾಕ್ಕೊಂಡಿರ್ತಾನೆ! ಆಮೇಲೆ ಗೂಡಿನ ಬಾಯಿಗೆ ಕೊಬ್ಬು ಮೆತ್ತಿ… ಮುಗೀತು, ಅಷ್ಟೇ.

ಎಲ್ಲಿಗೆ ಎದ್ದೆ? ಕೂತ್ಕೊಳ್ಳವ್ವ. ಹುಲಿ ಈಗ ಹಾರ್ತದೆ.

ಹಾರ್ತು! ನಮ್ಮೋನು ಕದಲಲಿಲ್ಲ. ಬೆರಳು ಒತ್ತಿದ. ಆರೂ ಗುಂಡು ಒಟ್ಟಿಗೆ… ಅಂದರೆ, ಒಂದರ ಹಿಂದೊಂದು, ಅಷ್ಟು ಬೇಗ. ಆಗ ಹುಲಿ ಕೈಗೆ ಬಾಯಿ ಹಾಕ್ತು. ಹಾಂ. ಹಾಕ್ತು.

ಏನದು ನಿನ್ನ ಕೈಲಿ? …ಡಬ್ಬಿ. ಹುಣಸೂರಿನಲ್ಲಿ ಕೋವಿ ರಿಪೇರಿ ಮಾಡ್ತಾನಲ್ಲ, ಅಹಮದ್ ಪಾಷಾ, ಅವನು ಕೊಟ್ಟಿದ್ದು. ನಿನ್ನ ಗಂಡ ಇಲ್ಲೇ ಬಿಟ್ಟು ಬಂದಿದ್ನಾ? ಹೌದು, ಪಾಷಾ ಈ ಜಗಲಿಯಲ್ಲೇ ಕೂತು ಹೇಳಿದ್ದ, ನೀನೂ ಕೇಳಿಸ್ಕೊಂಡಿದ್ದೆ. "ಮಾದೇವಪ್ಪನೋರೆ, ಇದನ್ನ ಆರೂ ಬಾಯಿಗೆ ಮೆತ್ತಬೇಕು. ಇಲ್ಲಾಂದ್ರೆ ಒಂದರ ಕಿಡಿ ಪಕ್ಕದ್ದಕ್ಕೆ ಹಾರಿ ಆರೂ ಒಟ್ಟಿಗೆ ಕೈಯಲ್ಲೇ ಸಿಡೀತದೆ." ಕುರಿ ಕೊಬ್ಬು, ಮೇಣ ಕಲಸಿದ್ದು. ಕೊರಳಲ್ಲಿ ಲಿಂಗ ಇಟ್ಕೊಂಡು ಕೊಬ್ಬು ಮುಟ್ಟೋದುಂಟಾ ಅಂದ ಇವನು. ಸರಿ ತಾನೆ? ನಮ್ಮಲ್ಲಿ ಯಾರು ಮುಟ್ತಾರೆ?

ಮತ್ತೇನು ಮೆತ್ತಿದ ಅಂತ ಕೇಳಬೇಡ. ಏನೂ ಮೆತ್ತಲಿಲ್ಲ. ಹುಲಿ ಮೈಮೇಲೆ ಬರ್ತಿರುವಾಗ ಯಾರಿಗೆ ಪುರುಸೊತ್ತು?

ಆಸ್ಪತ್ರೆಯಿಂದ ನಾನು ತಂದ ಅವನ ಅಂಗಿ ಕೆಳಗಿಡು, ಒಗೆಯೋಕೆ ಹಾಕು. ತೋಳು ಸುಟ್ಟಿದೆ, ಹೌದು. ಹುಲಿ ಉಸಿರು ಅಂದ್ರೆ ಬೆಂಕಿ ಕಣವ್ವ, ಹತ್ತಿರ ಹೋದೋರಿಗೇ ಗೊತ್ತು… ಯಾಕೆ ಮತ್ತೆ ಮತ್ತೆ ಮೂಸ್ತೀಯ? ತುಪ್ಪದ ವಾಸನೆಯಾ? ಅದು… ಅಡುಗೆಮನೆಯಿಂದ ಬರ್ತಿರಬೇಕು.

ಮಂಗಳಾ. ಏನಾದರೂ ಅನ್ನು. ಒಲೆಯೇ ಹಚ್ಚಿಲ್ಲ ಮಾವ, ಅಂತಾದರೂ ಅನ್ನು.

ನೀನು ರೊಟ್ಟಿಗೆ ಅಂತ ಬೆಣ್ಣೆನ ಬಾಳೆಲೆಯಲ್ಲಿ ಕಟ್ಟಿಕೊಟ್ಟೆ. ನಿನಗೇನು ಗೊತ್ತಿತ್ತು ಮಗಾ? "ಬೆಣ್ಣೆಯೂ ಜಿಡ್ಡೇ ತಾನೆ ಮಾವ" ಅಂದ. ನಾನೂ ಹೂಂ ಅಂದೆ. ಅದನ್ನೇ ಆರೂ ಬಾಯಿಗೆ ಮೆತ್ತಿದ. ಬಿಸಿಲಿಗೆ ಕರಗಿ ಮೊಣಕೈವರೆಗೂ ಇಳೀತಿತ್ತು, ಪಂಚೆಗೆ ಒರೆಸ್ಕೊಂಡು ನಗ್ತಿದ್ದ. ಆಸ್ಪತ್ರೆಯಲ್ಲಿ ಎಚ್ಚರ ಆದಾಗ ಕೈ ನೋಡ್ಕೊಳ್ಳಲಿಲ್ಲ ಅವನು. "ಬೆಣ್ಣೆ ವಿಷಯ ಅವಳಿಗೆ ಗೊತ್ತಾಗಬಾರದು. ನೀನು ಕಥೆ ಕಟ್ಟೋದರಲ್ಲಿ ಗಟ್ಟಿಗ, ಏನಾದರೂ ಕಟ್ಟು ಮಾವ" ಅಂದ. ದಾರಿಯುದ್ದಕ್ಕೂ ಕಟ್ಟಿದೆ. ಈ ಲೋಟ ಬಿಸಿಯೋ ತಣ್ಣಗೋ ಅನ್ನೋದೂ ನನ್ನ ಕೈಗೆ ತಿಳೀತಿಲ್ಲ, ಆದರೂ ಕಟ್ಟಿದೆ.

ಅಳಬಾರದಾ?

ಮಿಕ್ಕಿದ್ದೆಲ್ಲ ನಿಜ ಕಣವ್ವ. ಪಿಸ್ತೂಲು ನಿಜ, ಹೊಲದ ಬದು ನಿಜ, ಅವನು ಕದಲದೆ ನಿಂತಿದ್ದೂ ನಿಜ. ಒಂದು ಸಣ್ಣದು ಮಾತ್ರ ನಾನು ಸೇರಿಸಿದೆ. ಅದು ಹುಲಿಯಲ್ಲ. ಗುರಿಗೆ ಅಂತ ಬದುವಿನ ಮೇಲೆ ಇಟ್ಟಿದ್ದ ಒಂದು ಸೋರೆಬುರುಡೆ. ಒಂದು ಗುಂಡೂ ತಾಗಲಿಲ್ಲ ಅದಕ್ಕೆ.