ಆರನೇ ಟ್ರ್ಯಾಕಿನ ಸೆರ್ಕು

"ನೂಲು ಸುತ್ತೋ ಕೈಗೆ ಟೇಪು ಒಲಿಯಲ್ಲ ಹೆಲ್ಕಾ. ತಿಪ್ಪರಲಾಗ ಹಾಕಿದ್ರೂ ಒಲಿಯಲ್ಲ."

ಹೀಗೆ ಅಂದವನು ತೌನೊ. ಪಿಸ್ಪಾಲದ ಗುಡ್ಡದ ಬುಡದಲ್ಲಿ, ಹಳೆಯ ಕಾರ್ಖಾನೆಯೊಂದರ ನೆಲಮಾಳಿಗೆಯಲ್ಲಿ ಅವನ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ನಾನು ತಾಂಪೆರೆಯ ಹತ್ತಿ ಗಿರಣಿಯಲ್ಲಿ ಕಂಡಿಕೆ ಸುತ್ತುವವಳು, ಹದಿನೈದಕ್ಕೇ ಶಾಲೆ ಬಿಟ್ಟವಳು. ಅವನ ಮಾತು ತಪ್ಪೆಂದು ತೋರಿಸಲು ಮೂವತ್ತು ವರ್ಷ ಹಿಡಿಯಿತು. ಲೈಬ್ರರಿಯಿಂದ ಜರ್ಮನ್ ಪುಸ್ತಕ ತಂದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಒಂದು ಪುಟಕ್ಕೆ ಒಂದು ರಾತ್ರಿಯಂತೆ ಓದಿದೆ. ಹಾಳಾದ ಟೇಪುಗಳಿಂದ ದನಿ ಎಬ್ಬಿಸುವ ಕೆಲಸ ಕಲಿತೆ. ಈಗ ಹೆಲ್ಸಿಂಕಿಯ ಕಂಪನಿಗಳವರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಅದಿರಲಿ.

ಒಲೆಯ ಬಾಗಿಲು ಮುಚ್ಚಿ, ಹತ್ತಿರ ಬನ್ನಿ. ಇದನ್ನು ಜೋರಾಗಿ ಹೇಳಲು ನನಗೆ ಇಷ್ಟವಿಲ್ಲ.

2018ರ ನವೆಂಬರ್. ಆ ತಿಂಗಳಲ್ಲಿ ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ಆ ಹೊತ್ತಿಗೆ ತೌನೊನ ನೆಲಮಾಳಿಗೆಯಲ್ಲೇ ನನ್ನ ಕೆಲಸ. ಅದರ ಬಾಗಿಲು ಹಾಕಿ, ಮನೆಗೆಂದು ಗುಡ್ಡದ ಮೆಟ್ಟಿಲು ಹತ್ತುತ್ತಿದ್ದೆ. ಮರದ ಮೆಟ್ಟಿಲು, ನೂರಾ ನಲವತ್ತೆರಡು. ಅರ್ಧ ದಾರಿಯಲ್ಲಿ ಒಂದು ಹಳೆಯ ಬಾವಿ ಇದೆ. ಹಲಗೆಯ ಮುಚ್ಚಳ, ಅದಕ್ಕೊಂದು ಕಬ್ಬಿಣದ ಬಳೆ. ಗಾಳಿ ಬೀಸಿದರೆ ಆ ಬಳೆ ಎದ್ದು ಬಿದ್ದು ಟಣ್... ಅನ್ನುತ್ತದೆ. ಒಂದೇ ಸಲ.

ಆ ಸಂಜೆ ಎರಡು ಸಲ ಅಂದಿತು. ಮೊದಲು ಸಣ್ಣಗೆ, ಗೋಡೆಯಾಚೆ ಅಂದ ಹಾಗೆ. ಒಂದು ಸೆಕೆಂಡು ಬಿಟ್ಟು ಜೋರಾಗಿ, ನನ್ನ ಮೊಣಕಾಲ ಪಕ್ಕದಲ್ಲೇ.

ನಾನು ಹೆಜ್ಜೆ ಎತ್ತಿದೆ. ಮೇಲಿನ ಮೆಟ್ಟಿಲು ಕಿರ್‌ರ್ ಎಂದಿತು. ನನ್ನ ಕಾಲು ಇನ್ನೂ ಅದರ ಮೇಲೆ ಇರಲಿಲ್ಲ. ಕಾಲು ಇಟ್ಟೆ... ಕಿರ್‌ರ್. ಅದೇ ಸದ್ದು.

ಸದ್ದು ಆಗುವ ಮುಂಚೆ ಆ ಸದ್ದಿನ ನೆರಳು. ನನಗೆ ಅದು ಚೆನ್ನಾಗಿ ಗೊತ್ತು. ಆದರೆ ಅದು ಬಾವಿಯ ಹತ್ತಿರ ಕೇಳುವಂಥದ್ದಲ್ಲ, ಟೇಪಿನಲ್ಲಿ ಕೇಳುವಂಥದ್ದು.

ಟೇಪು ಸುರುಳಿಯಲ್ಲಿದ್ದಾಗ ಒಂದು ಪದರಕ್ಕೆ ಇನ್ನೊಂದು ಒತ್ತಿಕೊಂಡಿರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಈ ಪದರದ ದನಿ ಪಕ್ಕದ ಪದರಕ್ಕೆ ಹತ್ತುತ್ತದೆ, ಬಣ್ಣ ಬಿಡುವ ಬಟ್ಟೆ ಪಕ್ಕದ ಬಟ್ಟೆಗೆ ಹತ್ತಿದ ಹಾಗೆ. ಅದಕ್ಕೇ ಕಸುಬುದಾರರು ಟೇಪನ್ನು 'ಬಾಲ ಹೊರಗೆ' ಇಡುತ್ತಾರೆ, ಅಂದರೆ ಹಾಡು ಮುಗಿಯುವ ತುದಿ ಹೊರಗೆ. ಆಗ ಹತ್ತಿದ ದನಿ ಅಸಲು ದನಿಯ ಹಿಂದೆ ಬಂದು ಅದರಲ್ಲೇ ಅಡಗಿಕೊಳ್ಳುತ್ತದೆ. ತಲೆ ಹೊರಗಿಟ್ಟರೆ ಅದು ಮುಂದೆ ಬರುತ್ತದೆ. ಹಾಡುವವನು ಬಾಯಿ ತೆರೆಯುವ ಮುಂಚೆ ಅವನ ದನಿ ಕೇಳುತ್ತದೆ.

ಆ ಸಂಜೆ ಬಾವಿಯ ಹತ್ತಿರ ಬರುವುದಕ್ಕೆ ಸ್ವಲ್ಪ ಮುಂಚೆ ನಾನೊಂದು ಕೆಲಸ ಮಾಡಿ ಬಂದಿದ್ದೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಸ್ಕೊ ನನ್ನ ಗಂಡ, ರಾಕ್ ಹಾಡುಗಾರ. 1979ರ ಚಳಿಗಾಲದಲ್ಲಿ ತೌನೊನ ನೆಲಮಾಳಿಗೆಯಲ್ಲಿ ತನ್ನ ಆಲ್ಬಮ್ ರೆಕಾರ್ಡ್ ಮಾಡುತ್ತಿದ್ದ. ಎಂಟು ಟ್ರ್ಯಾಕಿನ ಯಂತ್ರ, ಅಂದರೆ ಒಂದೇ ಟೇಪಿನಲ್ಲಿ ಎಂಟು ದನಿ ಬೇರೆ ಬೇರೆಯಾಗಿ. ಅಂಥ ಹದಿನಾರು ಸುರುಳಿ. ಮಾರ್ಚಿನಲ್ಲಿ ಕಾರ್ಯಕ್ರಮಕ್ಕೆ ಹೋಗುವಾಗ ಅವರ ವ್ಯಾನು ಹಿಮದ ಮೇಲೆ ಜಾರಿ ಮರದ ದಿಮ್ಮಿಗಳ ಲಾರಿಗೆ ಹೊಡೆಯಿತು. ಆಸ್ಕೊ ಹೋದ. ಅವನ ಪಕ್ಕದ ಸೀಟಿನಲ್ಲಿ ಇಂಕೆರಿಯೂ ಹೋದಳು.

ಇಂಕೆರಿ ನನ್ನ ದೊಡ್ಡಮ್ಮನ ಮಗಳು. ನಮ್ಮ ಮನೆಯಲ್ಲೇ ಇದ್ದಳು, ಸ್ಟುಡಿಯೋದಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ನನಗಿಂತ ಎರಡು ಪಟ್ಟು ಚೆಲುವೆ. ಇದೇ ಬಾವಿಯಿಂದ ಇಬ್ಬರೂ ನೀರು ಹೊರುತ್ತಿದ್ದೆವು. ಯಾವಾಗಲೂ ಅವಳು ಒಂದು ಮೆಟ್ಟಿಲು ಮುಂದೆ. "ಬಾರೇ ಆಮೆ!" ಎಂದು ನಗುತ್ತಿದ್ದಳು. ಆ ದಿನ ತಾಯಿಯ ಮನೆಗೆ ಹೋಗುತ್ತೇನೆಂದು ನನಗೆ ಹೇಳಿ ಹೊರಟವಳು ಆ ವ್ಯಾನಿನಲ್ಲಿ ಯಾಕಿದ್ದಳು? ಜನ ನನ್ನ ಮುಂದೆ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ಸಾಕಾಗಿತ್ತು. ಪ್ರತಿ ವರ್ಷ ನವೆಂಬರಿನಲ್ಲಿ ಸಮಾಧಿಗಳಿಗೆ ದೀಪ ಹಚ್ಚುವ ದಿನ ನಾನು ಆಸ್ಕೊನಿಗೆ ಹಚ್ಚುತ್ತಿದ್ದೆ. ಮೂರು ಸಾಲು ಆಚೆ ಅವಳದಿತ್ತು. ಆ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

84ರಲ್ಲಿ ತೌನೊ ಅಂಗಡಿ ಮುಚ್ಚಿದ. ಆಸ್ಕೊನ ಸುರುಳಿಗಳನ್ನು ಕಸಕ್ಕೆ ಹಾಕುವವನಿದ್ದ. ನಾನು ಹಿಮದಲ್ಲಿ ಎಳೆಯುವ ಜಾರುಬಂಡಿಯಲ್ಲಿ ಹೇರಿಕೊಂಡು ಬಂದೆ. ಗಿರಣಿಯವಳಲ್ಲವೇ... ದಾರದ ತಲೆ ಒಳಗೆ ಬಾಲ ಹೊರಗೆ ಇದ್ದರೆ ನನಗೆ ಮೈ ಉರಿಯುತ್ತದೆ. ಹೇರುವ ಮುಂಚೆ ಅವನ ಯಂತ್ರದಲ್ಲೇ ಹದಿನಾರನ್ನೂ ಹಿಂದಕ್ಕೆ ಸುತ್ತಿದೆ. ತಲೆ ಹೊರಗೆ, ಅಂಚು ಸಮ, ಕಂಡಿಕೆಯ ಹಾಗೆ ಅಚ್ಚುಕಟ್ಟು. ತೌನೊ ಬಾಗಿಲಿಗೆ ಒರಗಿ ನೋಡುತ್ತಿದ್ದ. ತಡೆಯಲಿಲ್ಲ.

"ಭೇಷ್ ನೂಲಮ್ಮ," ಅಂದ. "ಇನ್ಮೇಲೆ ನಿನ್ ಗಂಡ ಹಾಡೋಕ್ ಮುಂಚೇನೇ ನಿಂಗೆ ಕೇಳುತ್ತೆ."

ಅದರ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಜರ್ಮನ್ ಪುಸ್ತಕದಲ್ಲಿ. ಅಷ್ಟು ಹೊತ್ತಿಗೆ ಹತ್ತುವುದೆಲ್ಲ ಹತ್ತಿ ಆಗಿತ್ತು.

2018ಕ್ಕೆ ಬರೋಣ. ಹೆಲ್ಸಿಂಕಿಯ ಕಂಪನಿಯೊಂದು ಆಸ್ಕೊನ ಆಲ್ಬಮ್ ಹೊರತರುತ್ತೇನೆ ಎಂದಿತು. ತುಂಡುಗಳನ್ನು ಹೊಂದಿಸಿ, ಹತ್ತು ಹಾಡು ಮಾಡಿ, ತಿಂಗಳ ಕೊನೆಯೊಳಗೆ ಕೊಡಬೇಕು. ಹಾಡಿನ ತಟ್ಟೆಯ ಕವರಿನ ಹಿಂದೆ ಆಸ್ಕೊನ ಹೆಸರಿನ ಕೆಳಗೆ ನನ್ನ ಹೆಸರು, ನನ್ನದೊಂದೇ. ಅದಕ್ಕಾಗಿ ನಾನು ಮೂವತ್ತೊಂಬತ್ತು ವರ್ಷ ಕಾದಿದ್ದೆ.

ಹಳೆಯ ಟೇಪು ಅಂಟಂಟು. ಅಣಬೆ ಒಣಗಿಸುವ ಪೆಟ್ಟಿಗೆಯಲ್ಲಿ ಎಂಟು ಗಂಟೆ ಬೆಚ್ಚಗಿಟ್ಟು, ಒಂದೊಂದಾಗಿ ಯಂತ್ರಕ್ಕೆ ಹಾಕಿದೆ. ಎಲ್ಲ ಚೆನ್ನಾಗಿ ಬಂತು, ಹನ್ನೊಂದನೇ ಸುರುಳಿಯವರೆಗೆ. ಅದರಲ್ಲಿ 'ನೀರು ತರುವವಳು' ಎಂಬ ಹಾಡು. ಅದು ನನ್ನ ಮೇಲೆ ಕಟ್ಟಿದ್ದು ಎಂದು ಆಸ್ಕೊ ಹೇಳಿದ್ದ. ಒಂದೇ ಒಂದು ಸಲ ನನ್ನಿಂದಲೂ ಹಾಡಿಸಿದ್ದ. ಗಿರಣಿಯ ಪಾಳಿ ಮುಗಿಸಿ ಊಟ ತಂದುಕೊಟ್ಟಿದ್ದೆ, ಜ್ವರ ಬೇರೆ, ಕಿವಿಯಲ್ಲಿ ಇನ್ನೂ ಮಗ್ಗದ ಸದ್ದು. ಹಾಡಿದ್ದು ನನಗೇ ಕೇಳಲಿಲ್ಲ. ಮಾರನೇ ದಿನ ತೌನೊ, "ಅಳಿಸಿಬಿಟ್ವಿ ಕಣಮ್ಮ, ಕಾಗೆ ಕೂಗಿದ ಹಾಗಿತ್ತು," ಅಂದ. ಆಸ್ಕೊ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಆ ಹಾಡಿನಲ್ಲಿ... ಆಸ್ಕೊ ಬಾಯಿ ತೆರೆಯುವ ಮುಂಚೆ, ತೆಳ್ಳಗೆ, ಒಂದು ಹೆಣ್ಣು ದನಿ. ಒಂದು ಸೆಕೆಂಡಿನ ಮೇಲೆ ಅದೇ ದನಿ ಪೂರ್ತಿಯಾಗಿ. ಆರನೇ ಟ್ರ್ಯಾಕಿನಿಂದ.

ಎಂಥ ದನಿ ಅದು! ಸ್ವಲ್ಪ ಒಡೆದದ್ದು, ಬಿಸಿ, ಯಾವ ಅಂಜಿಕೆಯೂ ಇಲ್ಲದ್ದು. ಎರಡನೇ ಚರಣ ಮುಗಿದ ಮೇಲೆ ಆಸ್ಕೊನ ಟ್ರ್ಯಾಕಿನಲ್ಲಿ ಅವನ ನಗು. ಮೆಲ್ಲಗೆ, ಮೂಗಿನಲ್ಲಿ, ಎದುರಿಗಿರುವವಳು ಬಿಟ್ಟರೆ ಯಾರಿಗೂ ಅಲ್ಲದ ನಗು.

ನನ್ನ ಜೊತೆ ಅವನು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಪೆಟ್ಟಿಗೆಯೊಳಗೆ ಚೀಟಿ ಇರುತ್ತದೆ, ಯಾವ ಟ್ರ್ಯಾಕಿನಲ್ಲಿ ಯಾರು ಎಂದು. ತೆಗೆದು ನೋಡಿದೆ. ಪೆನ್ಸಿಲ್ಲಿನಲ್ಲಿ ಆರನೆಯದರ ಮುಂದೆ ಒಂದೇ ಪದ: ಸೆರ್ಕು. ನಮ್ಮಲ್ಲಿ ದೊಡ್ಡಮ್ಮನ ಮಗಳಿಗೂ ಚಿಕ್ಕಮ್ಮನ ಮಗಳಿಗೂ ಅದೊಂದೇ ಪದ.

ನನಗೆ ಇದ್ದ ಸೆರ್ಕು ಒಬ್ಬಳೇ.

ಆ ಹಾಡನ್ನು ಹದಿನಾಲ್ಕು ಸಲ ಕೇಳಿದೆ. ಪ್ರತಿ ಸಲವೂ ಅವನ ನಗುವಿಗೆ ಕಾದೆ. ನನ್ನದನ್ನು ಅಳಿಸಿ ಅವಳಿಂದ ಹಾಡಿಸಿದರಲ್ಲ! ನನ್ನ ಹಾಡು, ನನ್ನ ಬಾವಿ, ನನ್ನ ಗಂಡ. ಆ ಟ್ರ್ಯಾಕಿನ ಗುಂಡಿ ಇಳಿಸಿದರೆ ಸಾಕಿತ್ತು, ದನಿ ನಿಲ್ಲುತ್ತಿತ್ತು. ನನಗೆ ಅಷ್ಟು ಸಾಲಲಿಲ್ಲ. ಅದು ಪ್ರಪಂಚದಲ್ಲೇ ಇರಬಾರದಿತ್ತು.

ನಕಲು ತೆಗೆಯದೆ ಏನನ್ನೂ ಅಳಿಸಬಾರದು. ಇದು ನಾನು ಕಲಿತ ಮೊದಲ ಪಾಠ. ನಕಲು ತೆಗೆಯದೆಯೇ, ಅಳಿಸಲೆಂದು ಆರನೇ ಟ್ರ್ಯಾಕಿನ ಕೆಂಪು ದೀಪ ಹಾಕಿದೆ. ಯಂತ್ರ ಟಕ್ ಎಂದಿತು. ಮೂರು ನಿಮಿಷ ನಲವತ್ತು ಸೆಕೆಂಡು, ಕೈ ಕಟ್ಟಿಕೊಂಡು ನೋಡುತ್ತಾ ನಿಂತೆ. ಆಮೇಲೆ ಹಾಕಿ ಕೇಳಿದೆ. ದನಿ ಅಳೆಯುವ ಮುಳ್ಳು ಅಲ್ಲಾಡಲಿಲ್ಲ. ಬರೀ ಸ್‌ಸ್‌ಸ್... ಎದೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ದೀಪ ಆರಿಸಿ, ಮೆಟ್ಟಿಲು ಹತ್ತಿ, ಬಾವಿಯ ಹತ್ತಿರ ಬಂದೆ. ಅಲ್ಲಿ ಆ ಸದ್ದು.

ಟಣ್... ಟಣ್.

ನಾನು ನಿಂತೆ. ನಿಲ್ಲುವುದಕ್ಕೆ ಒಂದು ಸೆಕೆಂಡು ಮುಂಚೆ ಮುಂದಿನ ಹೆಜ್ಜೆ ನಿಂತಿತ್ತು. ಒಂದೇ ಮೆಟ್ಟಿಲು ಮೇಲೆ. ಅಲ್ಲಿ ಯಾರೂ ಇಲ್ಲ. ಆದರೆ ಒದ್ದೆ ಉಣ್ಣೆಯ ವಾಸನೆ... ನೀರಿನ ಬಕೆಟ್ಟಿನ ಹಿಡಿಕೆ ಅಲುಗಿದ ಸಣ್ಣ ಕಿಣಿ.

ಆಮೇಲೆ ಪಿಸುಮಾತು. ಕಿವಿಯ ಹತ್ತಿರವೇ.

"ಬರೆದೋರ್ ಯಾರು?"

ಒಂದು ಸೆಕೆಂಡು ಆಯಿತು. ನನ್ನ ಬಾಯಿ ತಾನಾಗಿ ತೆರೆಯಿತು. ನನ್ನದೇ ದನಿ, ನನ್ನದೇ ಉಸಿರಿನ ಹಬೆ.

"ಬರೆದೋರ್ ಯಾರು?"

ಆ ಮಾತು ನನ್ನ ತಲೆಯಲ್ಲಿ ಇರಲೇ ಇಲ್ಲ. ಆಣೆ ಮಾಡುತ್ತೇನೆ. ಇರಲೇ ಇಲ್ಲ.

ಎಪ್ಪತ್ತು ಮೆಟ್ಟಿಲು ಹೇಗೆ ಇಳಿದೆನೋ. ದೀಪ ಹಾಕಿ ಚೀಟಿ ಹಿಡಿದೆ. ಚೀಟಿಗಳನ್ನು ತೌನೊ ಬರೆಯುತ್ತಿದ್ದ ಎಂದೇ ನಾನು ಅಂದುಕೊಂಡಿದ್ದು. ಅಕ್ಷರದ ಕಡೆ ನೋಡಿರಲೇ ಇಲ್ಲ. ಈಗ ನೋಡಿದೆ. ಚೀಟಿಯ ತುಂಬ, ಅಕ್ಷರದ ಮೇಲೆ ಚುಕ್ಕಿ ಇಡಬೇಕಾದಲ್ಲೆಲ್ಲ ಒಂದು ಸಣ್ಣ ಅಡ್ಡಗೆರೆ. ಆ ಚಾಳಿ ಇದ್ದದ್ದು ಒಬ್ಬಳಿಗೆ. ಅವಳು ಬರೆದ ಕಾಗದಗಳಲ್ಲೆಲ್ಲ ಆ ಗೆರೆಗಳಿದ್ದವು.

ಇಂಕೆರಿ ಬರೆದ ಚೀಟಿಯಲ್ಲಿ, ಸೆರ್ಕು ಯಾರು?

ತೌನೊಗೆ ಫೋನು ಮಾಡಿದೆ. ವೃದ್ಧಾಶ್ರಮದಲ್ಲಿದ್ದಾನೆ, ಎಂಬತ್ತೊಂಬತ್ತು. ಕಿವಿ ಮಾತ್ರ ಇನ್ನೂ ಚುರುಕು.

"ಹನ್ನೊಂದನೇ ಸುರುಳಿ. ಆರನೇ ಟ್ರ್ಯಾಕು. ಯಾರದು?"

"ನಿಂದೇ. ಇನ್ಯಾರದು?"

"ಅಳಿಸಿದ್ವಿ ಅಂದಿದ್ದೆಯಲ್ಲೋ!"

"ಅಳಿಸು ಅಂತ ಇಂಕೆರಿಗೆ ಹೇಳಿದ್ದೆ. ಕಳ್ಳಿ, ಅಳಿಸಲಿಲ್ಲ. ಆ ದನಿ ಮುಟ್ಟಿದ್ರೆ ನಿನ್ ಕೈ ಮುರೀತೀನಿ ಅಂದ್ಲು. ಆಸ್ಕೊನೂ ಅವಳ ಕಡೆಗೇ. ಆಲ್ಬಮ್ ಬಂದ್ಮೇಲೆ ಕೇಳಿಸಿ ನಿನ್ನ ಬೆರಗು ಮಾಡೋಣ ಅಂತಿದ್ರು." ಉಬ್ಬಸದಿಂದ ಸ್ವಲ್ಪ ನಿಂತ. "ಯಾಕೆ, ಕೆಟ್ಟೋಗಿದ್ಯಾ?"

ಹೇಳಿದೆ. ಈಗಷ್ಟೇ ಅಳಿಸಿದ್ದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಆ ಕಡೆಯಿಂದ ಗೊರಗೊರ ನಗು.

"ನೋಡ್ದಾ ನೂಲಮ್ಮ... ನಾನು ಹೇಳಿದ್ ಕೆಲ್ಸ, ಕೊನೆಗೆ ನೀನೇ ಮಾಡ್ದೆ."

ಆ ವಾರ ಸ್ಮಶಾನಕ್ಕೆ ಹೋದೆ, ದೀಪದ ದಿನ ಕಳೆದಿದ್ದರೂ. ಮೂರು ಸಾಲು ಆಚೆ ನಡೆದೆ. ಅವಳ ಕಲ್ಲಿನ ಹಿಮ ಸವರಿ ಒಂದು ಮೇಣದಬತ್ತಿ ಹಚ್ಚಿದೆ. "ವ್ಯಾನಲ್ಲಿ ಯಾಕೆ ಇದ್ದೆ ಹೇಳು," ಅಂದೆ. ಕಾದೆ. ಆ ಮಾತಿಗೆ ಮುಂಚೆಯೂ ಏನೂ ಕೇಳಲಿಲ್ಲ, ಆಮೇಲೂ ಇಲ್ಲ. ಅದೊಂದನ್ನು ಅವಳು ಇವತ್ತಿಗೂ ಹೇಳಿಲ್ಲ. ಅಷ್ಟು ಹೊಟ್ಟೆಕಿಚ್ಚು ನನ್ನಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ. ಉಳಿದದ್ದೆಲ್ಲ ಈಗ ಆ ಇಪ್ಪತ್ತನಾಲ್ಕರ ಹುಡುಗಿಯ ಮೇಲೆ, ಅಂದಿನ ನನ್ನ ಮೇಲೆ. ಕಿವಿಯಲ್ಲಿ ಮಗ್ಗದ ಸದ್ದು ತುಂಬಿಕೊಂಡು, ಜ್ವರದಲ್ಲಿ, ಗಂಡನನ್ನು ಹಾಗೆ ನಗಿಸಿದಳಲ್ಲ, ಅವಳ ಮೇಲೆ.

ಹಾಡು ಖಾಲಿ ಬಿಡುವಂತಿರಲಿಲ್ಲ. ಹೆಣ್ಣು ದನಿ ಇಲ್ಲದೆ ಅದು ಕುಂಟುತ್ತಿತ್ತು. ಆಸ್ಕೊನ ನಗು ಯಾರಿಗೂ ಅಲ್ಲದೆ ಗಾಳಿಯಲ್ಲಿ ನಿಂತಿತ್ತು. ಕೊನೆಗೆ ಮೈಕಿನ ಮುಂದೆ ನಾನೇ ನಿಂತೆ, ಅರವತ್ತಮೂರರ ಗಂಟಲಿನಲ್ಲಿ. ಟೇಪಿಗಲ್ಲ, ನೇರ ಕಂಪ್ಯೂಟರಿಗೆ. ಅಲ್ಲಿ ಪದರವಿಲ್ಲ, ಸುರುಳಿಯಿಲ್ಲ, ಒಂದಕ್ಕೊಂದು ಹತ್ತುವ ಮಾತೇ ಇಲ್ಲ. ಇದನ್ನು ಗಮನದಲ್ಲಿಡಿ. ಒಂದೇ ಸಲ ಹಾಡಿ, ಕೇಳದೆ ಕಳಿಸಿದೆ.

ಎರಡು ದಿನದ ಮೇಲೆ ಹೆಲ್ಸಿಂಕಿಯಿಂದ ಕಂಪನಿಯ ಹುಡುಗಿ ಫೋನು ಮಾಡಿದಳು.

"ಹೆಲ್ಕಾ, 'ನೀರು ತರುವವಳು' ಕೇಳಿ ನಮ್ಮ ಆಫೀಸಲ್ಲಿ ಎಲ್ರೂ ಅತ್ರು ಗೊತ್ತಾ! ಹೆಸರು ಹಾಕ್ಬೇಕಿತ್ತು. ಇಬ್ರು ಹಾಡಿದಾರಲ್ಲ?"

"ಇಬ್ಬರಲ್ಲ. ನಾನೊಬ್ಬಳೇ."

"ಅಯ್ಯೋ, ಇಬ್ರೂ ಚೆನ್ನಾಗ್ ಕೇಳ್ತಾರೆ. ನಿಮ್ಮ ದನಿ ಗೊತ್ತಾಗುತ್ತೆ. ಅದಕ್ಕಿಂತ ಸ್ವಲ್ಪ ಮುಂಚೆ, ಒಂದು ಸೆಕೆಂಡು ಮುಂಚೆ, ಮೆಲ್ಲಗೆ ಹಾಡ್ತಾಳಲ್ಲ... ಎಳೇ ಹುಡುಗಿ. ಅವಳ ಹೆಸರು ಏನಂತ ಹಾಕ್ಲಿ?"

ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಮೆಲ್ಲಗೆ ಕೆಳಗಿಟ್ಟೆ. ಸಾಸರಿಗೆ ತಾಗಿ ಟಣ್ ಎಂದಿತು. ಒಂದೇ ಸಲ.

"ಸೆರ್ಕು ಅಂತ ಹಾಕಮ್ಮ," ಅಂದೆ.

ಹಾಗೇ ಅಚ್ಚಾಗಿದೆ. ನಂಬದಿದ್ದರೆ ಬಿಡಿ, ಹಾಡಿನ ತಟ್ಟೆ ಅಲ್ಲೇ ಕಪಾಟಿನಲ್ಲಿದೆ, ತಿರುಗಿಸಿ ಓದಿಕೊಳ್ಳಿ. ನಡೆದದ್ದನ್ನೇ ಹೇಳಿದ್ದೇನೆ.

ತೌನೊನ ನೆಲಮಾಳಿಗೆ ಈಗ ನನ್ನದು, ಕಾಗದಪತ್ರದಲ್ಲಿ ನನ್ನ ಹೆಸರಿದೆ. ಎರಡು ಯಂತ್ರ ನನ್ನವು. ಅಣಬೆ ಪೆಟ್ಟಿಗೆ ನನ್ನದು. ಹದಿನಾರು ಸುರುಳಿ ನನ್ನವು, ಎಲ್ಲವೂ ಬಾಲ ಹೊರಗೆ. ತಟ್ಟೆಯ ಹಿಂದೆ ಹೆಸರೂ ನನ್ನದೇ. ಇವಕ್ಕೆಲ್ಲ ನಾನು ತೆತ್ತದ್ದು ಮೂರು ನಿಮಿಷ ನಲವತ್ತು ಸೆಕೆಂಡು.